ನಾಕು ಮೂಲಿಯ ನೆಲ್ಲು

ಸುಗ್ಗಿ ಬಂತಂದ್ರ ನನಗ ಕುಂತ್ರ ಕುಂದ್ರಾಕ ಆಗಂಗಿಲ್ಲ, ನಿಂತ್ರ ನಿಂದ್ರಾಕ ಆಗಂಗಿಲ್ಲ. ತಾಟಿನ್ಯಾಗ ಅನ್ನ ಆರಿರ್ತೈತಿ, ನನ್ನ ಕಿವಿ ರಸ್ತೆ ಕಡೆ ಇರ್ತಾವು. ಟ್ರ್ಯಾಕ್ಟರ್ ಸಪ್ಪಳ ಬಂದ್ರ ಬಾಗಲಿಗೆ ಓಡ್ತೀನಿ, ಗುಡುಗಿದ್ರ ಮಾಳಿಗಿಗೆ ಓಡ್ತೀನಿ. "ಇಕಿ ಹುಟ್ಟಿದಾಗ್ಲೇ ಯಾರೋ ಕಾಲಿಗೆ ಚಕ್ರ ಕಟ್ಟ್ಯಾರ" ಅಂತಾರ ನಮ್ಮತ್ತಿ. ಅನ್ನಲಿ ಬಿಡ್ರಿ. ಚಕ್ರ ಇಲ್ಲದಾಕಿ ಇಪ್ಪತ್ತೆರಡು ವರ್ಷ ಈ ಮನ್ಯಾಗ ಸುಗ್ಗಿ ಮಾಡಿ ತೋರಸಲಿ ನೋಡೋಣು.

ನಮ್ಮ ಮನಿ ಕಂಪ್ಲ್ಯಾಗ, ಗದ್ದಿ ಕಾಲುವಿ ಕೆಳಗ. ಭತ್ತ ಅಂತ ಪುಸ್ತಕದಾಗ ಬರೀತಾರ, ನಮಗ ಅದು ನೆಲ್ಲು. ನಮ್ಮ ಮನಿಯವರಿಗೆ ಸಂಡೂರು ಕಡೆ ಗಣಿಯಾಗ ಶಿಫ್ಟ್ ಕೆಲಸ. ಅಂಗಿ ಒಗದ ನೀರು ಕೆಂಪಗಾಗಿರೋದು ನೋಡಿ ಅವರು ಮನಿಗೆ ಬಂದಾರ ಅಂತ ಗೊತ್ತಾಗ್ತೈತಿ, ಅಷ್ಟ. ಹಿಂಗಾಗಿ ಒಕ್ಕಲುತನ ನನ್ನ ತಲಿ ಮ್ಯಾಲ. ಕೊಯ್ಲಿಗೆ ಹದಿನೈದು ದಿನ ಇರಬೇಕಾದ್ರ ಗೋಣಿಚೀಲ ಝಾಡಿಸಿ, ಇಲಿ ಕಡಿದ ತೂತಿಗೆ ತ್ಯಾಪಿ ಹಚ್ಚಬೇಕು. ಟ್ರ್ಯಾಲಿ ಸಂದಿಗೆ ಹಳೇ ಸೀರಿ ಚೂರು ತುರುಕಬೇಕು, ಇಲ್ಲಂದ್ರ ಮನಿತನಕ ದಾರಿ ತುಂಬ ಕಾಳು ಚೆಲ್ಲಿ ಕಾಗಿಗೆ ಹಬ್ಬ. ತಾಡಪಾಲು ಬಿಸಿಲಿಗೆ ಹಾಕಬೇಕು. ಹಮಾಲರಿಗೆ ಹೇಳಬೇಕು, ಮಿಲ್ಲಿನವರಿಗೆ ಹೇಳಬೇಕು, ಹೇಳಿದ್ದನ್ನ ಮೂರು ಸಲ ಮತ್ತ ಹೇಳಬೇಕು. ಎಲ್ಲಾ ನಾನ ಮಾಡ್ತೀನಿ. ನಮ್ಮತ್ತಿ ಒಂದಕ್ಕೂ ಕೈ ಹಾಕಂಗಿಲ್ಲ, ಒಂದನ್ನೂ ಕೇಳಂಗಿಲ್ಲ.

ಆದ್ರ ಒಂದು ಗಡಿಗಿ ಇತ್ತು. ದೇವರ ಮನಿ ಮೂಲ್ಯಾಗ, ಬೇವಿನ ಸೊಪ್ಪು ಹಾಕಿ, ಬಾಯಿಗೆ ಸಗಣಿ ಮೆತ್ತಿದ ಗಡಿಗಿ. ಅದರಾಗ ಬೀಜದ ನೆಲ್ಲು. ಹಂಪಿ ಆಚಿಕಡೆ ಹೊಳಿದಂಡ್ಯಾಗ ನಮ್ಮತ್ತಿ ತವರುಮನಿ. ಮದುವಿ ಆಗಿ ಬರುವಾಗ ಅವರ ಅವ್ವ ಉಡ್ಯಾಗ ಅಕ್ಕಿ ಹಾಕೋ ಬದಲಿ ಈ ನೆಲ್ಲು ಹಾಕಿ ಕಳಿಸಿದ್ದರಂತ. ಉಡಿ ತುಂಬೋದು ಅಂದ್ರ ನಮ್ಮಲ್ಲಿ ದೊಡ್ಡ ಮಾತು. ಮುತ್ತೈದಿ ಸೆರಗಿನ್ಯಾಗ ಐದು ಬೊಗಸಿ ಕಾಳು ಹಾಕಿದ್ರ ಒಲ್ಲೆ ಅನ್ನಂಗಿಲ್ಲ, ನಡುವ ಎಲ್ಲೂ ಇಳಸಂಗಿಲ್ಲ, ಮನಿಗೆ ಒಯ್ಯಬೇಕು. ಹಂಗ ಒಯ್ದು ಬಿತ್ತಿದ್ದು, ಐವತ್ತು ವರ್ಷದ ಮ್ಯಾಲಾತು, ಇನ್ನೂ ನಡದೈತಿ. ಸಿಪ್ಪಿ ನೋಡಿದ್ರ ಸೋನಾ ಮಸೂರಿಗೂ ಅದಕ್ಕೂ ಫರಕ ಕಾಣಂಗಿಲ್ಲ, ತಿಕ್ಕಿ ಸಿಪ್ಪಿ ಬಿಡಿಸಿದ್ರ ಒಳಗ ಕೆಂಪಕ್ಕಿ. ಬಾಣಂತಿಗೆ ಅದರ ಗಂಜಿ ಕೊಟ್ರ ಸೊಂಟ ಗಟ್ಟಿ ಆಗ್ತೈತಿ ಅಂತ ನಾಕು ಊರಿನವರು ಬಂದು ಕೇಳಿ ಒಯ್ತಿದ್ರು. ಕೆಳಗಿನ ಮಡಿ ಒಂದ ಅದಕ್ಕ ಮೀಸಲು, ಹತ್ತು ಗುಂಟಿ.

ಆ ಮಡಿಗೆ ಮಷಿನ್ ಇಳಿಸಿದವರಲ್ಲ ನಮ್ಮತ್ತಿ. ಕುಡಗೋಲಿಲೆ ಕೊಯ್ಸಿ, ಬೇರೆ ಕಣದಾಗ ಬಡಿಸಿ, ತಾವ ಕುಂತು ಆರಿಸಿ ಗಡಿಗಿ ತುಂಬತಿದ್ರು. ನನಗ ಗಡಿಗಿ ಮುಟ್ಟಾಕ ಬಿಡ್ತಿದ್ದಿಲ್ಲ. ಮಿಲ್ಲಿನ ಸಾವಕಾರರ ಜೋಡಿ ನಾನು ಜಗಳಾಡಬೇಕು, ಹಮಾಲರ ಕೈಯಾಗ ಬೈಸಿಗೋಬೇಕು, ಗಡಿಗಿ ಮಾತ್ರ ಅವರದು. "ನಿನ್ನ ಕೈ ಭಾಳ ಅವಸರದ್ದವ್ವ, ಬೀಜಕ್ಕ ಅವಸರ ಆಗಿ ಬರಂಗಿಲ್ಲ" ಅಂತ ಒಮ್ಮಿ ಅಂದಿದ್ರು. ಆ ಮಾತು ನನಗ ಮುಳ್ಳು ಮುರದಂಗ ಎದಿಯಾಗ ಕುಂತಿತ್ತು. ಸಿಟ್ಟು ಬರ್ತಿತ್ತು, ಸುಳ್ಳು ಯಾಕ ಹೇಳ್ಲಿ.

ಆ ವರ್ಷ ಕೊಯ್ಲು ಮಷಿನ್ನಿಗೆ ಒಂಬತ್ತು ದಿನ ಕಾದೆ. ನಮ್ಮ ಕಡೆ ಸುಗ್ಗಿ ಎಲ್ಲರಿಗೂ ಒಂದ ವಾರದಾಗ ಬರ್ತೈತಿ, ಮಷಿನ್ ಇರೋವು ನಾಕ. ಡ್ರೈವರ್ ಹೊಳಿ ಆಚಿಯವನು, ತೆಲುಗು ಬೆರಸಿ ಕನ್ನಡ ಮಾತಾಡ್ತಿದ್ದ. ಫೋನ್ ಹಚ್ಚಿದ್ರ "ರೇಪು ಅಕ್ಕಾ" ಅಂತಿದ್ದ, ನಾಳಿ ಅಂತ. ಅವನ ನಾಳಿ ಒಂಬತ್ತು ಸಲ ಬಂದು ಹೋತು. ಗದ್ದಿ ಬಂಗಾರ ಆಗಿ ನಿಂತಿತ್ತು, ತೆನಿ ಮುಟ್ಟಿದ್ರ ಉದುರೋವು. ಟೀವ್ಯಾಗ ಸಮುದ್ರದಾಗ ಗಾಳಿ ಎದ್ದೈತಿ ಅಂತ ತೋರಸೋರು, ಸಂಡೂರು ಗುಡ್ಡದ ಮ್ಯಾಲ ಮೋಡ ಕಟ್ಟೋವು, ಕರಗೋವು, ಮತ್ತ ಕಟ್ಟೋವು. ನಾನು ದಿನಕ್ಕ ಮೂರು ಸಲ ಸ್ಕೂಟಿ ತಗೊಂಡು ಗದ್ದಿಗೆ ಹೋಗಿ ಬರ್ತಿದ್ದೆ. ಹೋಗಿ ಏನ್ ಮಾಡ್ತಿದ್ದೆ? ಏನೂ ಇಲ್ಲ. ಬದುವಿನ ಮ್ಯಾಲ ನಿಂತು ಆಕಾಶಕ್ಕ ಬೈದು ಬರ್ತಿದ್ದೆ.

ನಮ್ಮತ್ತಿಗೆ ಅದ ವಾರ ಹೊಸಪೇಟ್ಯಾಗ ಕಣ್ಣಿನ ಆಪರೇಷನ್ ಆಗಿತ್ತು. ಧೂಳಿಗೆ ಹೋಗಂಗಿಲ್ಲ ಅಂತ ಡಾಕ್ಟರ್ ಹೇಳಿದ್ರು. ಕರೇ ಕನ್ನಡಕ ಹಾಕ್ಕೊಂಡು ಕಟ್ಟಿ ಮ್ಯಾಲ ಕುಂತು, "ಕೆಳಗಿನ ಮಡಿಗೆ ಹೆಣ್ಣಾಳು ಹೇಳಿಯೇನು?" ಅಂತ ದಿನಾ ಕೇಳೋರು. ಹತ್ತನೇ ದಿನ ಕಣ್ಣು ತೋರಸಾಕ ಮತ್ತ ಹೊಸಪೇಟಿಗೆ ಹೋಗಬೇಕಿತ್ತು. ನಮ್ಮ ಮನಿಯವರು ರಜಾ ಹಾಕಿ ಕರಕೊಂಡು ಹೊಂಟ್ರು. ಗಾಡಿ ಹತ್ತುವಾಗ ನನ್ನ ಕೈ ಹಿಡಕೊಂಡು ಹೇಳಿದ್ರು, "ಎಲ್ಲಾ ನಿನ್ನ ಮನಸಿಗೆ ಬಂದಂಗ ಮಾಡು. ಆ ಮಡಿ ಒಂದು ಮಷಿನ್ ಬಾಯಿಗೆ ಕೊಡಬ್ಯಾಡವ್ವ." "ಆತ್ರೀ ಅತ್ತಿ, ಎಷ್ಟು ಸಲ ಹೇಳ್ತೀರಿ" ಅಂದೆ. ಗಾಡಿ ತಿರುವು ದಾಟಿರಲಿಲ್ಲ, ಫೋನ್ ಬಂತು. ಮಷಿನ್ ಬಂದೈತಂತ!

ಹೆಂಗ ಓಡಿದೆನೋ ದೇವರಿಗೇ ಗೊತ್ತು. ದರೋಜಿಯಿಂದ ನಾಕು ಮಂದಿ ಹೆಣ್ಣಾಳು ಆಟೋದಾಗ ಬಂದಿದ್ರು. ಮಷಿನ್ ಗದ್ದಿಗೆ ಇಳಿಬೇಕಂದ್ರ ಮದ್ಲ ಮಡಿಯ ನಾಕೂ ಮೂಲಿ ಕುಡಗೋಲಿಲೆ ಕೊಯ್ದು ಕೊಡಬೇಕು, ಇಲ್ಲಂದ್ರ ಅದು ಹೊಳ್ಳಾಕ ಜಾಗ ಸಾಲಂಗಿಲ್ಲ, ಚೈನ್ ಕೆಳಗ ಬೆಳಿ ಸಿಕ್ಕು ಹಾಳಾಗ್ತೈತಿ. ಹಂಗ ಮೂಲ್ಯಾಗ ಕೊಯ್ದದ್ದು ಕೊಯ್ದಾಕಿಗೆ. ಯಾರು ಮಾಡಿದ ಪದ್ಧತಿನೋ, ಎಲ್ಲಾ ಗದ್ದ್ಯಾಗೂ ಹಂಗ. ಕೂಲಿ ಬ್ಯಾರೆ, ಮೂಲಿಯ ಹೊರಿ ಬ್ಯಾರೆ.

ಮ್ಯಾಗಿನ ಮಡಿಗಳೆಲ್ಲಾ ಮೂರು ತಾಸಿನ್ಯಾಗ ಮುಗದವು. ನಾನು ಟ್ರ್ಯಾಲಿ ಹತ್ತಿ ಇಳಿದು, ಚೀಲ ಹಿಡಿದು, ಡ್ರೈವರ್ ಜೋಡಿ ಒದರಿ ಗಂಟಲು ಹರಕೊಂಡಿದ್ದೆ. ಕೆಳಗಿನ ಮಡಿ ಉಳೀತು. ಹೆಣ್ಣಾಳಿಗೆ "ನಾಳಿ ಇದನ್ನ ಕುಡಗೋಲಿಲೆ ಕೊಯ್ಯಾಕ ಬರ್ರಿ" ಅಂದೆ. "ನಾಳಿ ಆಗಂಗಿಲ್ರಿ ಅಕ್ಕಾರ, ಗಾದಿಗನೂರಿನವರಿಗೆ ಮಾತು ಕೊಟ್ಟೀವಿ, ನಾಕು ದಿನ ಅಲ್ಲೇ" ಅಂದ್ರು. ಗುಡ್ಡದ ಕಡೆ ನೋಡಿದೆ, ಮೋಡ ಕರ್ರಗ ಕುಂತಿತ್ತು. ಅತ್ಲಾಗ ಮುಂದಿನ ಪಾಳಿಯವನು ಬೈಕಿನ ಮ್ಯಾಲ ಕುಂತು ಹಾರ್ನ್ ಹೊಡಿಯಾಕತ್ತಿದ್ದ. ಡ್ರೈವರ್ ಮಷಿನ್ ಆರಸದಂಗ ಮ್ಯಾಲಿಂದ ಕೇಳಿದ, "ಅಕ್ಕಾ, ಅದೂ ಮುಗಿಸಲಾ? ಹತ್ತು ನಿಮಿಷದ ಕೆಲಸ."

"ಟ್ಯಾಂಕ್ ಖಾಲಿ ಐತೇನು?" ಅಂದೆ.

"ಪೂರಾ ಖಾಲಿ. ಒಕ್ಕ ಗಿಂಜ ಲೇದು." ಒಂದು ಕಾಳೂ ಇಲ್ಲಂತ.

ಟ್ಯಾಂಕ್ ಖಾಲಿ ಆದ್ರೂ ಮಷಿನ್ನಿನ ಹೊಟ್ಟ್ಯಾಗ, ಜರಡಿ ಸಂದ್ಯಾಗ, ಕೊಳವಿಯಾಗ ಮ್ಯಾಗಿನ ಮಡಿಯ ಸೋನಾ ಮಸೂರಿ ಕಾಳು ಉಳದಿರ್ತಾವು, ಬೀಜದಾಗ ಬೆರೀತಾವು. ಇದು ನನಗ ಗೊತ್ತಿಲ್ಲ ಅಂತಲ್ಲ. ಇಪ್ಪತ್ತೆರಡು ಸುಗ್ಗಿ ಮಾಡಿದಾಕಿಗೆ ಗೊತ್ತಿರಂಗಿಲ್ಲೇನು? ಆದ್ರ ಆ ಹಾರ್ನ್, ಆ ಮೋಡ, ಒಂಬತ್ತು ದಿನದ "ರೇಪು" ಎಲ್ಲಾ ಕೂಡಿ ನನ್ನ ತಲಿ ತಿರುಗಿಸಿಬಿಟ್ಟಿದ್ದವು. ಎದಿಯಾಗ ಕುಂತ ಆ ಹಳೇ ಮುಳ್ಳೂ ಒಂಚೂರು ಮಾತಾಡಿತು ಅಂತ ಕಾಣ್ತೈತಿ. ಹೊಡಿ ಅಂದೆ.

ಮೂಲಿ ಕೊಯ್ಯಾಕ ಹೆಣ್ಣಾಳಿನ್ಯಾಗ ಹಿರಿಯಾಕಿ ಇಳಿದ್ಳು. ನನಗಿಂತ ಹತ್ತು ವರ್ಷ ದೊಡ್ಡಾಕಿ, ಹದಿನೈದು ವರ್ಷದಿಂದ ನಮ್ಮ ಗದ್ದಿಗೆ ಬರೋಳು. ಕುಡಗೋಲು ಹಿಡಿದು ನಿಂತು, "ಅಕ್ಕಾರ, ಇದು ಅಮ್ಮಾರ ಬೀಜದ ಮಡಿ ಅಲ್ಲೇನ್ರಿ? ಮಷಿನ್ ಬ್ಯಾಡ ಅಂತಿದ್ರಲ್ಲ" ಅಂದ್ಳು.

"ನಿನ್ನ ಕೆಲಸ ನೀ ಮಾಡು. ನನಗ ಬುದ್ಧಿ ಹೇಳಾಕ ಕರಸಿಲ್ಲ" ಅಂದೆ.

ಆಕಿ ನಾಕು ಮೂಲಿ ಕೊಯ್ದು, ಹೊರಿ ಕಟ್ಟಿ, ತಲಿ ಮ್ಯಾಲ ಇಟ್ಟುಕೊಂಡು ಆಟೋಕ್ಕ ಹೋದ್ಳು. ಮಷಿನ್ ಹತ್ತು ನಿಮಿಷದಾಗ ಮಡಿ ಬೋಳು ಮಾಡಿತು. ಮಳಿ? ಒಂದು ಹನಿ ಬೀಳಲಿಲ್ರೀ. ಸಂಜಿಕ ಮೋಡ ಸರದು ಮಸ್ತ್ ಬಿಸಿಲು ಬಿತ್ತು. ಆ ಬಿಸಿಲು ನೋಡಿ ನನಗ ಅಳು ಬಂತು.

ಸಂಜಿಕ ಬಂದ ನಮ್ಮತ್ತಿ ಮದ್ಲು ಕೇಳಿದ್ದು ಅದ. "ಕೆಳಗಿನ ಮಡಿ?"

"ಕೊಯ್ದಾತ್ರಿ" ಅಂದೆ. ಹೆಂಗ ಕೊಯ್ದಾತು ಅಂತ ಹೇಳಲಿಲ್ಲ. ಅಡಿಗಿ ಮನ್ಯಾಗ ಪಾತ್ರಿ ಬಡಬಡ ಮಾಡಿಕೋತ ಉಳದೆ.

ಮರುದಿನ ಬೆಳಿಗ್ಗೆ ಅಂಗಳದಾಗ ನೆಲ್ಲು ಹರವಿದ್ದೆ. ನಮ್ಮತ್ತಿ ಕರೇ ಕನ್ನಡಕ ಹಾಕ್ಕೊಂಡು, ಗ್ವಾಡಿ ಹಿಡಕೊಂಡು ಬಂದು ಕುಂತ್ರು. ಒಂದು ಮುಷ್ಟಿ ಎತ್ತಿ ಎರಡೂ ಅಂಗೈ ನಡುವ ತಿಕ್ಕಿ ಊದಿದ್ರು. ಹೊಟ್ಟು ಹಾರಿತು. ಅಂಗೈಯಾಗ ಕೆಂಪಕ್ಕಿ, ನಡುನಡುವ ಬಿಳೇವು. ಇನ್ನೊಂದು ಮುಷ್ಟಿ ತಿಕ್ಕಿದ್ರು. ಅದರಾಗೂ ಬಿಳೇವು. ಕನ್ನಡಕ ತಗದು ಕಣ್ಣಿಗೆ ಹತ್ತಿರ ಹಿಡಿದು ನೋಡಿದ್ರು. ಹೊಸಾ ಕಣ್ಣಿಲೆ ಅವರು ಮದ್ಲು ನೋಡಿದ್ದು ಇದನ್ನ. ಸಿಪ್ಪಿ ಒಂದ ಬಣ್ಣ ಇದ್ದದ್ದಕ್ಕ ಆರಿಸಿ ತಗಿಯಾಕ ಬರಂಗಿಲ್ಲ, ಸಿಪ್ಪಿ ಬಿಡಿಸಿದ್ರ ಬೀಜ ಆಗಂಗಿಲ್ಲ.

ಬೈತಾರ ಅಂತ ನಿಂತಿದ್ದೆ. ಬೈಯಲಿಲ್ಲ. ಬೈದಿದ್ರ ನಾನೂ ನಾಕು ಮಾತು ತಿರುಗಿ ಅಂದು ಹಗುರ ಆಗ್ತಿದ್ದೆ. "ಗಡಿಗ್ಯಾಗ ಹಳೇದು ಏನಾರ ಉಳದೈತೇನ್ರಿ?" ಅಂದೆ. "ಹಳೇದು ಮೊಳಿಯಂಗಿಲ್ಲ ಅಂತ ಎಲ್ಲಾ ಬಿತ್ತಿದ್ನೆವ್ವ" ಅಂದ್ರು. ಕೈಯಾಗಿನ ಕಾಳು ಕೆಳಗ ಸುರುವಿ, "ಮೂಲಿ ಕೊಯ್ದ ಹೊರಿ ಎಲ್ಲೈತಿ?" ಅಂದ್ರು.

ಅದೊಂದ ಮಷಿನ್ನಿಗೆ ಬೀಳದ ನೆಲ್ಲು! "ಕೊಯ್ದಾಕಿ ಒಯ್ದ್ಳು" ಅಂದೆ. ನಮ್ಮತ್ತಿ ಗೋಣು ಹಾಕಿದ್ರು. "ಹಂಗಾರ ಆತು. ಕೊಟ್ಟದ್ದು ಕೊಟ್ಟಂಗ. ದುಡಿದಾಕಿ ಅನ್ನ ತಿರುಗಿ ಕೇಳಾಕ ಹೋಗಬ್ಯಾಡ" ಅಂದು ಎದ್ದು ಒಳಗ ಹೋದ್ರು. ಗ್ವಾಡಿ ಕಡೆ ಮುಖ ಮಾಡಿ ಮಲಕ್ಕೊಂಡ್ರು. ಮಧ್ಯಾಹ್ನ ಉಣ್ಣಲಿಲ್ಲ. ಆ ಬೆನ್ನು ನೋಡಾಕ ನನ್ನ ಕೈಲೆ ಆಗಲಿಲ್ಲ. ಕೆಟ್ಟ ಮ್ಯಾಲ ಬುದ್ಧಿ ಬಂತು, ಅಟ್ಟ ಮ್ಯಾಲ ಒಲಿ ಉರೀತು ಅಂತಾರಲ್ಲ, ಹಂಗಾತು ನನ್ನ ಬಾಳೇವು. ಅವರ ಮಾತು ಒಮ್ಮಿ ಮೀರಿದಾಕಿ, ಇನ್ನೊಮ್ಮಿ ಮೀರಿದ್ರೇನು ಅಂತ ಸ್ಕೂಟಿ ತಗದೆ.

ದರೋಜಿಗೆ ಹೋಗೋ ದಾರಿಯುದ್ದಕ್ಕ ಏನು ನೆವ ಹೇಳಲಿ ಅಂತ ಯೋಚನಿ. ಕೈಯಾಗ ಒಂದು ಕುಡಗೋಲು ತಗೊಂಡಿದ್ದೆ, "ನಿಂದು ಗದ್ದ್ಯಾಗ ಬಿಟ್ಟು ಹೋಗಿದ್ದಿ" ಅನ್ನೋಣು ಅಂತ. ಅದು ನಮ್ಮ ಮನೀದ ಕುಡಗೋಲು. ಇನ್ನ ಗಾದಿಗನೂರಿಗೆ ಹೋಗಿದ್ರ? ಆಗಲೇ ಕುಟ್ಟಿ ಅಕ್ಕಿ ಮಾಡಿದ್ರ? ಕಲ್ಲಗುಡ್ಡದ ಸಾಲು ಸರೀತಿತ್ತು, ಸಂಜಿಕ ಕರಡಿ ಇಳಿಯೋ ದಾರಿ ಅದು. ಕರಡಿ ಬಂದ್ರೂ ನಿಲ್ಲೋ ಸ್ಥಿತಿಯಾಗ ನಾನಿರಲಿಲ್ಲ.

ಆಕಿ ಮನ್ಯಾಗೇ ಇದ್ಳು. ಅಂಗಳದಾಗ ಒಂದು ಹಳೇ ಕೌದಿ ಮ್ಯಾಲ ಬಡಿದ ನೆಲ್ಲು ಹರವಿತ್ತು, ಪಕ್ಕದಾಗ ಒಳ್ಳು, ಒನಕಿ. ಕೋಳಿ ಓಡಸಿಕೋತ ಕುಂತಿದ್ಳು. ಒಳಗ ಕೂಸು ಅಳೋದು ಕೇಳಸ್ತು. "ಬರ್ರಿ ಅಕ್ಕಾರ, ಕುಂದ್ರಿ. ಮಗಳು ಹಡದಾಳ್ರಿ, ಹನ್ನೆರಡು ದಿನ ಆತು. ಅದಕ್ಕ ಇವತ್ತು ಕೆಲಸಕ್ಕ ಹೋಗಲಿಲ್ಲ. ಅಮ್ಮಾರ ಕೆಂಪಕ್ಕಿ ಸಿಕ್ಕೈತಲ್ಲ, ಕುಟ್ಟಿ ಗಂಜಿ ಕಾಸೋಣಂತ" ಅಂದ್ಳು.

ಬಾಣಂತಿ ಬಾಯಿಂದ ಕಸಗೊಂಡು ಒಯ್ಯಬೇಕೇನು ನಾನು? ಕುಡಗೋಲು ಮುಂದ ಹಿಡಿದೆ. "ನಿಂದು... ಗದ್ದ್ಯಾಗ ಬಿಟ್ಟಿದ್ದಿ."

ಆಕಿ ತಿರುಗಿಸಿ ನೋಡಿದ್ಳು. "ನನ್ನ ಕುಡಗೋಲು ಅಲ್ಲೈತಲ್ರಿ, ಜಂತಿಗೆ. ಇದು ನಿಮ್ಮನೀದು." ನನ್ನ ಮುಖ ನೋಡಿದ್ಳು. "ಏನಾತ್ರಿ?"

ಅಷ್ಟಕ್ಕ ಎಲ್ಲಾ ಒಡೀತು. ಅಳಬಾರದು ಅಂದುಕೊಂಡಿದ್ದೆ, ಅತ್ತೆ. ಬಿಳೇ ಅಕ್ಕಿ ಕಂಡದ್ದು, ಅತ್ತಿ ಮಲಗಿದ್ದು, ಕೇಳಾಕ ಹೋಗಬ್ಯಾಡ ಅಂದದ್ದು, ಎಲ್ಲಾ ಹೇಳಿದೆ. "ನಿನ್ನೆ ನೀ ಹೇಳಿದ್ದಿ ಯಮ್ಮಾ. ನಾನು ಬಾಯಿಗೆ ಬಂದಂಗ ಅಂದೆ. ತಪ್ಪಾತು" ಅಂದೆ.

ಆಕಿ ಕೌದಿಗೆ ಬಂದ ಕೋಳಿ ಓಡಿಸಿದ್ಳು. ಆಮ್ಯಾಲೆ ನಕ್ಕಳು, ಸಿಟ್ಟಿಲೆ ನಕ್ಕಂಗ. "ಅಮ್ಮಾರು ಕಣ್ಣು ಕೊಯ್ಸಿಕೊಂಡೂ ಕಂಡ್ರು, ನೀವು ಎರಡು ಕಣ್ಣಿದ್ದೂ ಕಾಣಲಿಲ್ಲ ನೋಡ್ರಿ." ಅನ್ನಲಿ, ಆ ಮಾತು ನನಗ ಬರಬೇಕಾಗಿದ್ದ.

"ಅರ್ಧ ಕೊಡು. ಬಾಣಂತಿಗೆ ನಾಳಿ ಒಂದು ಚೀಲ ಕಳಸ್ತೀನಿ. ಬೆರಕಿ ಆದ್ರೂ ಉಣ್ಣಾಕ ಏನೂ ಆಗಿಲ್ಲ" ಅಂದೆ.

"ಕಳಸ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ತಿರುಗಿ ಕೊಡಾಕ ನನಗ ಬರಂಗಿಲ್ಲ. ಇದು ನನ್ನ ಮೂಲಿಯ ನೆಲ್ಲು, ನನ್ನ ಮನೀದು ಆತು." ಆಕಿ ಎದ್ದು ಒಳಗ ಹೋಗಿ ಕುಂಕುಮದ ಭರಣಿ ತಂದ್ಳು. "ಹದಿನೈದು ವರ್ಷದಾಗ ನಮ್ಮ ಮನಿ ಹೊಸ್ತಿಲಿಗೆ ಬಂದಿದ್ದು ಇವತ್ತ ಮದ್ಲು. ಬರಿಗೈಲೆ ಹೆಂಗ ಕಳಸಲಿ? ಸೆರಗು ಹಿಡಿರಿ."

ಹಣಿಗೆ ಕುಂಕುಮ ಹಚ್ಚಿದ್ಳು. ಕೌದಿ ಮ್ಯಾಲಿಂದ ಎರಡೂ ಕೈಲೆ ತುಂಬಿ ಐದು ಬೊಗಸಿ ಹಾಕಿದ್ಳು, ಒಂದು ಅಡಿಕಿ, ಒಂದು ಎಲಿ. ನಾವು ಹೆಣ್ಣಾಳಿಗೆ ಹಾಕಿದ್ದುಂಟು, ಅವರ ಕೈಲೆ ಹಾಕಿಸಿಕೊಂಡದ್ದು ನನ್ನ ಜನ್ಮದಾಗ ಇಲ್ಲ. ಬಗ್ಗಿ ಕಾಲು ಮುಟ್ಟಾಕ ಹೋದೆ. "ಏ, ಬಗ್ಗಬ್ಯಾಡ್ರಿ, ಚೆಲ್ತೈತಿ!" ಅಂದ್ಳು.

ಉಡಿ ನಡುವಿಗೆ ಸಿಗಿಸಿಕೊಂಡು ಸ್ಕೂಟಿ ಹೊಡದೆ. ಹಂಪ್ ಬಂದಲ್ಲೆಲ್ಲಾ ಇಳಿದು ನೂಕಿದೆ. ನಮ್ಮ ಕಡೆ ಹುಡುಗರು ಸೈಕಲ್ ಮ್ಯಾಲ ನನ್ನ ದಾಟಿ ಹೋದ್ರು. ಅಷ್ಟು ಸಾವಕಾಶ ನಾನು ಯಾವತ್ತೂ ಗಾಡಿ ಹೊಡದಾಕಿ ಅಲ್ಲ.

ನಮ್ಮತ್ತಿ ಎದ್ದು ಕಟ್ಟಿ ಮ್ಯಾಲ ಕುಂತಿದ್ರು. ಎದುರಿಗೆ ನಿಂತು ಹೇಳಿದೆ, "ನಿಮ್ಮ ಮಾತು ಮೀರಿ ಹೋಗಿದ್ದೆ. ಕೇಳಿದ್ದು ಖರೇ. ಆದ್ರ ಆಕಿ ತಿರುಗಿ ಕೊಡಲಿಲ್ಲ, ಉಡಿ ತುಂಬಿದ್ಳು." ಅವರು ಕೈ ಚಾಚಿ ನನ್ನ ಸೆರಗಿನ್ಯಾಗಿಂದ ನಾಕು ಕಾಳು ತಗದು ತಿಕ್ಕಿದ್ರು. ಕೆಂಪು. ಇನ್ನೊಂದು ಚಿಟಿಕಿ ತಿಕ್ಕಿದ್ರು. ಎಲ್ಲಾ ಕೆಂಪು.

"ತಗೋರಿ, ಸೆರಗು ಹಿಡಿರಿ, ಹಾಕ್ತೀನಿ" ಅಂದೆ. ಐದು ಬೊಗಸಿ ಅಂದ್ರ ಮಡಿಯ ಒಂದು ಮೂಲಿಗೆ ಸಾಕಾಗೋಷ್ಟು ನಾಟಿ. ಒಂದು ಮೂಲಿಯಿಂದ ಹಿಡದು ಮತ್ತ ಮಡಿ ತುಂಬಬೇಕಂದ್ರ ಎರಡು ಬೆಳಿ ಬೇಕು. ಅವರು ಮತ್ತ ಮಡಿ ತುಂಬಸ್ತಾರ ಅಂತ ನನಗ ನಂಬಿಗಿ ಇತ್ತು.

ಅವರು ಸೆರಗು ಹಿಡಿಲಿಲ್ಲ. ದೇವರ ಮನಿ ಕಡೆ ಕೈ ಮಾಡಿ, "ಗಡಿಗಿ ತಗೊಂಬಾ" ಅಂದ್ರು. ಒಂದು ಕೈಲೆ ಉಡಿ ಹಿಡಕೊಂಡು, ಇನ್ನೊಂದು ಕೈಲೆ ಗಡಿಗಿ ತಂದು ಅವರ ಮುಂದ ಇಟ್ಟೆ. ಅವರು ಅದನ್ನ ನನ್ನ ಕಡೆ ಸರಿಸಿದ್ರು.

"ನನಗ ತುಂಬಿದ ಉಡಿ ನಿನ್ನೆಗೆ ಮುಗೀತು" ಅಂದ್ರು. "ಇದು ನಿನಗ ತುಂಬಿದ್ದು. ತುಂಬಿಸಿಕೊಂಡಾಕಿನ ಬಿತ್ತಬೇಕು. ಇನ್ನ ಮ್ಯಾಲ ಬೀಜ ನಿಂದು."

ಇಪ್ಪತ್ತೆರಡು ವರ್ಷ ಆ ಗಡಿಗಿಗೆ ಹೊಟ್ಟಿ ಉರಕೊಂಡಾಕಿ ನಾನು. ಕೈಗೆ ಬಂದಾಗ ಕುಂದ್ರಾಕ ಆಗಲಿಲ್ಲ. ಹಿತ್ತಲಕ ಹೋಗಿ ಬೇವಿನ ಸೊಪ್ಪು ತರೋಣು, ಸಗಣಿ ತರೋಣು, ಏನಾರ ಒಂದು ಮಾಡೋಣು ಅಂತ ಹೊಂಟೆ. ನಮ್ಮತ್ತಿ ನನ್ನ ಸೀರಿ ಚುಂಗು ಹಿಡದು ನಿಲ್ಲಿಸಿದ್ರು.

"ಸೊಪ್ಪು ನಾ ತರ್ತೀನಿ" ಅಂದ್ರು. "ನೀ ಕುಂದ್ರು."